ಉಡುಪಿಯಿಂದ ವಂಡರ್‌ಲಾಗೆ ಮೊದಲ ಸಲ: ಎರಡು ರಾತ್ರಿ, ಒಂದು ಹಗಲು

ದೊಡ್ಡ ರಜೆ ಹತ್ತಿರವಾಗುತ್ತಿದ್ದ ಹಾಗೆ ನಮ್ಮ ಕುಂಜಿಬೆಟ್ಟಿನ ಓಣಿಯಲ್ಲಿ ಯಾರಾದರೊಬ್ಬರು ಗೇಟಿನ ಹತ್ತಿರ ನಿಂತು ಕೇಳುತ್ತಾರೆ: "ಅಕ್ಕ, ಮಕ್ಕಳನ್ನು ಒಂದು ಸಲ ವಂಡರ್‌ಲಾಗೆ ಕರಕೊಂಡು ಹೋಗ್ಬೇಕು ಅಂತ ಉಂಟು. ಒಂದೇ ದಿನದಲ್ಲಿ ಆಗ್ತದಾ?"

ಆಗುತ್ತದೆ. ಬೆಂಗಳೂರಿನ ಹತ್ತಿರ ಬಿಡದಿಯಲ್ಲಿರುವ ಈ ಮನರಂಜನಾ ಪಾರ್ಕಿಗೆ ನಾನು ನಾಲ್ಕು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ನಾವು ಆರು ಜನ ಹೋಗಿದ್ದೆವು: ನಾವಿಬ್ಬರು, ಮಗಳು, ಮಗ, ನನ್ನ ತಮ್ಮ ಮತ್ತು ಅತ್ತೆ. ಹೇಗಾದರೂ ಮಾಡಿ ಎಲ್ಲ ರೈಡುಗಳನ್ನೂ ಮುಗಿಸಬೇಕು ಎಂದು ಓಡಿದೆವು. ಮಧ್ಯಾಹ್ನಕ್ಕೇ ಮಕ್ಕಳು ಸುಸ್ತು. ಅತ್ತೆ ಒಂದು ಬೆಂಚಿನ ಮೇಲೆ ಐದು ಗಂಟೆ ಹೊತ್ತು ನಮ್ಮ ಚೀಲಗಳನ್ನು ಕಾಯುತ್ತಾ ಕುಳಿತಿದ್ದರು. "ನನಗೆಂತ ಬೇಸರ ಇಲ್ಲ, ನೀವು ಹೋಗಿ" ಎಂದು ಅವರು ಹೇಳುತ್ತಲೇ ಇದ್ದರು, ನಾವು ಹೋಗುತ್ತಲೇ ಇದ್ದೆವು. ಅದು ತಪ್ಪು ಎಂದು ನನಗೆ ಹೊಳೆದದ್ದು ವಾಪಸ್ ಬರುವ ಬಸ್ಸಿನಲ್ಲಿ. ಎರಡನೆಯ ಸಲ ಹೋಗುವಾಗ ರೈಡುಗಳ ಪಟ್ಟಿ ಮಾಡುವುದನ್ನು ಬಿಟ್ಟು, ಹೋಗುವವರ ಪಟ್ಟಿ ಮಾಡಿದೆವು. ಅಲ್ಲಿಂದ ಎಲ್ಲವೂ ಸಸೂತ್ರವಾಯಿತು. ಕೆಳಗೆ ಬರೆದದ್ದೆಲ್ಲ ಆ ಪಟ್ಟಿಯಿಂದ ಹುಟ್ಟಿದ್ದು.

ಮೊದಲ ಕೆಲಸ: ದಾರಂದಕ್ಕೆ ನಿಲ್ಲಿಸಿ ಅಳೆಯಿರಿ

ಟಿಕೆಟಿಗಿಂತ, ಬಸ್ಸಿಗಿಂತ ಮೊದಲು ಮಾಡಬೇಕಾದ ಕೆಲಸ ಇದು. ವಂಡರ್‌ಲಾದಲ್ಲಿ ಮಕ್ಕಳ ಟಿಕೆಟನ್ನು ವಯಸ್ಸಿನಿಂದಲ್ಲ, ಎತ್ತರದಿಂದ ನಿರ್ಧರಿಸುತ್ತಾರೆ. 85 ಸೆಂಟಿಮೀಟರಿಗಿಂತ ಕಡಿಮೆ ಇರುವ ಮಗುವಿಗೆ ಟಿಕೆಟ್ ಬೇಡ. 85ರಿಂದ 140ರವರೆಗೆ ಮಕ್ಕಳ ಟಿಕೆಟ್. 140 ದಾಟಿದರೆ ದೊಡ್ಡವರ ಟಿಕೆಟ್. ಜೋರಿನ ರೈಡುಗಳಲ್ಲಿ ಹೆಚ್ಚಿನವಕ್ಕೆ ಹತ್ತಲೂ ಇದೇ 140 ಬೇಕು.

ನನ್ನ ಮಗನ ಶಾಲೆಯ ಆರೋಗ್ಯ ಕಾರ್ಡಿನಲ್ಲಿ 141 ಎಂದಿತ್ತು. ಅದನ್ನೇ ನಂಬಿ ಹೋದೆವು. ರೋಲರ್ ಕೋಸ್ಟರಿನ ಬಾಗಿಲಲ್ಲಿ ಅಳತೆಯ ಕಂಬದ ಎದುರು ನಿಲ್ಲಿಸಿದಾಗ ಗೆರೆಗೂ ಅವನ ನೆತ್ತಿಗೂ ನಡುವೆ ಒಂದು ಬೆರಳು ದಪ್ಪದಷ್ಟು ಜಾಗ ಉಳಿಯಿತು. ಹಿಮ್ಮಡಿ ಎತ್ತಿದ. ಅಲ್ಲಿ ಕೆಲಸಕ್ಕಿದ್ದ ಹುಡುಗ ಮೆಲ್ಲ ಅವನ ಹೆಗಲ ಮೇಲೆ ಕೈ ಇಟ್ಟು, "ಪಾದ ಕೆಳಗಿಡು ಪುಟ್ಟ" ಎಂದ. ಮುಕ್ಕಾಲು ಗಂಟೆ ಕ್ಯೂನಲ್ಲಿ ನಿಂತ ಮೇಲೆ ಬಂದ ಆ ಮಾತಿಗೆ ಅವನು ತುಟಿ ಕಚ್ಚಿಕೊಂಡು ಹಿಂದೆ ಬಂದದ್ದನ್ನು ನೋಡಿದವರಿಗೆ ಮಾತ್ರ ಗೊತ್ತು, ಈ ಅಳತೆ ಯಾಕೆ ಮೊದಲ ಕೆಲಸ ಎಂದು. ಹುಡುಗನದ್ದು ತಪ್ಪಲ್ಲ. ಕುಳಿತವರ ಎದೆಯನ್ನೋ ಸೊಂಟವನ್ನೋ ಹಿಡಿದಿಡುವ ಕಂಬಿ ಒಂದು ಅಳತೆಯ ದೇಹಕ್ಕೆ ಮಾಡಿದ್ದು. ಅದಕ್ಕಿಂತ ಸಣ್ಣ ದೇಹ ಅದರಡಿಯಿಂದ ಜಾರಬಹುದು. ಅಲ್ಲಿ ವಾದ ಮಾಡಬೇಡಿ.

ಅಳೆಯುವ ಕ್ರಮ ಹೀಗೆ. ಬರಿಗಾಲಲ್ಲಿ ದಾರಂದಕ್ಕೆ ಬೆನ್ನು ಕೊಟ್ಟು ನಿಲ್ಲಿಸಿ. ಒಂದು ದಪ್ಪ ಪುಸ್ತಕವನ್ನು ನೆತ್ತಿಯ ಮೇಲೆ ಮಟ್ಟಸವಾಗಿ ಒತ್ತಿ, ಪೆನ್ಸಿಲಿನಲ್ಲಿ ಗೆರೆ ಹಾಕಿ, ಟೇಪಿನಲ್ಲಿ ಅಳೆಯಿರಿ. ಅಳೆಯುವುದು ಸಂಜೆಯ ಹೊತ್ತಿರಲಿ. ಬೆಳಿಗ್ಗೆ ಎದ್ದಾಗ ಇದ್ದ ಎತ್ತರ ಸಂಜೆಗೆ ಇರುವುದಿಲ್ಲ. ಬೆನ್ನಿನ ಮೂಳೆಗಳ ನಡುವಿನ ಮೆತ್ತೆಗಳು ದಿನವಿಡೀ ಭಾರ ಹೊತ್ತು ಕುಗ್ಗುವುದರಿಂದ ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾಗುತ್ತದೆ. ಸಂಜೆಯ ಅಳತೆ 140 ದಾಟಿದರೆ ಧೈರ್ಯವಾಗಿ ಹೋಗಿ. 138, 139 ಇದ್ದರೆ ಮಗುವಿಗೆ ಮನೆಯಲ್ಲೇ ಹೇಳಿ: "ಈ ಸಲ ಇಂತಿಂಥದ್ದು ಇಲ್ಲ, ಬೇರೆ ಬೇಕಾದಷ್ಟು ಉಂಟು." ಮನೆಯಲ್ಲಿ ಕೇಳಿದ 'ಇಲ್ಲ' ಕ್ಯೂನ ತುದಿಯಲ್ಲಿ ಕೇಳಿದಷ್ಟು ನೋಯಿಸುವುದಿಲ್ಲ.

ಎತ್ತರದ ಜೊತೆ ಇನ್ನೊಂದನ್ನೂ ನೋಡಬೇಕು, ಹೆದರಿಕೆ. ತೂಗುವ ದೋಣಿ ಕೊಲಂಬಸ್‌ನಲ್ಲಿ ಕುಳಿತು ನಿಮ್ಮ ಮಗು ನಗುತ್ತದೋ, ಮುಖ ಮುಚ್ಚಿಕೊಳ್ಳುತ್ತದೋ? ಮಂಗಳೂರಿನ ಎಕ್ಸಿಬಿಷನ್ನಿನಲ್ಲೋ ಊರ ಜಾತ್ರೆಯಲ್ಲೋ ಒಮ್ಮೆ ಕೂರಿಸಿ ನೋಡಿ. ನೀರಿನ ಜಾರುಬಂಡಿಗೆ ಅಭ್ಯಾಸ ಬೇಕಿದ್ದರೆ ವಾಮಂಜೂರಿನ ಪಿಲಿಕುಳದ ಮಾನಸ ವಾಟರ್ ಪಾರ್ಕ್ ಹತ್ತಿರದಲ್ಲೇ ಉಂಟು. ಅಲ್ಲಿ ಅರ್ಧ ದಿನ ಕಳೆದರೆ ಸಾಕು, ಯಾರಿಗೆ ಯಾವುದು ಇಷ್ಟ, ಯಾವುದು ಆಗುವುದಿಲ್ಲ ಎಂದು ತಿಳಿದುಬಿಡುತ್ತದೆ. ನಾನ್ನೂರು ಕಿಲೋಮೀಟರ್ ದೂರ ಹೋಗಿ ಅದನ್ನು ಕಂಡುಕೊಳ್ಳುವ ಅಗತ್ಯವಿಲ್ಲ.

ಎರಡನೆಯದು: ದಿನ ಗೊತ್ತುಮಾಡುವುದು

ವಂಡರ್‌ಲಾ ಇರುವುದು ಬಿಡದಿಯಲ್ಲಿ, ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ 28 ಕಿಲೋಮೀಟರ್ ದೂರದಲ್ಲಿ. 2005ರಲ್ಲಿ ಶುರುವಾದದ್ದು. 82 ಎಕರೆ ಜಾಗ, ಅರವತ್ತಕ್ಕೂ ಹೆಚ್ಚು ರೈಡುಗಳು. ಶನಿವಾರ, ಭಾನುವಾರ ಹೋದರೆ ಬೆಂಗಳೂರೇ ಅಲ್ಲಿರುತ್ತದೆ. ಟಿಕೆಟಿನ ದರವೂ ವಾರದ ದಿನಕ್ಕಿಂತ ಹೆಚ್ಚು. ಮಂಗಳವಾರ, ಬುಧವಾರ, ಗುರುವಾರ ಇವುಗಳಲ್ಲಿ ಒಂದನ್ನು ಆರಿಸಿ.

"ಶಾಲೆ ಇರುತ್ತದಲ್ಲ?" ಎನ್ನುತ್ತಾರೆ. ನಮ್ಮ ಕರಾವಳಿಗೆ ಒಂದು ಅನುಕೂಲ ಉಂಟು. ನಮ್ಮಲ್ಲಿ ರಜೆ ಇದ್ದು ಬೆಂಗಳೂರಿನಲ್ಲಿ ಕೆಲಸದ ದಿನವಾಗಿರುವ ಸ್ಥಳೀಯ ರಜೆಗಳು ವರ್ಷದಲ್ಲಿ ಒಂದೆರಡು ಬರುತ್ತವೆ. ಅಂಥದ್ದು ವಾರದ ನಡುವೆ ಬಂದರೆ ಹಿಡಿದುಕೊಳ್ಳಿ. ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಗೆ ಉಡುಪಿಯವರು ಊರು ಬಿಡುವುದಿಲ್ಲ, ನಾನೂ ಬಿಡುವುದಿಲ್ಲ. ಅದನ್ನು ಲೆಕ್ಕಕ್ಕೆ ಸೇರಿಸಬೇಡಿ. ದಸರಾ ರಜೆಯ ಕೊನೆಯ ವಾರ, ಹಬ್ಬ ಮುಗಿದ ಮೇಲಿನ ದಿನಗಳು ಕೂಡ ಒಳ್ಳೆಯವು. ಕ್ಯಾಲೆಂಡರಿನಲ್ಲಿ ಮನೆಯ ದೈವದ ಕೋಲ, ತಂಬಿಲ, ನೆಂಟರ ಮದುವೆ ಎಲ್ಲವನ್ನೂ ಮೊದಲೇ ಗುರುತು ಹಾಕಿಕೊಳ್ಳಿ.

ಜುಲೈ, ಆಗಸ್ಟ್ ಬೇಡ. ಬಿಡದಿಯ ಮಳೆಗೆ ಹೆದರಿ ಹೇಳುತ್ತಿಲ್ಲ, ಘಾಟಿಗೆ ಹೆದರಿ ಹೇಳುತ್ತಿದ್ದೇನೆ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದು ರಸ್ತೆ ಬಂದಾಗುವುದು ನಮಗೆ ಹೊಸತಲ್ಲ. ರೈಲೂ ಅಷ್ಟೇ: 2024ರ ಜುಲೈ 26ರಂದು ಯಡಕುಮರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ಎಷ್ಟೋ ದಿನ ರೈಲುಗಳು ಓಡಲಿಲ್ಲ. ಒಂದೇ ದಿನದ ಟಿಕೆಟ್ ತೆಗೆದು, ಗುಂಡ್ಯದಲ್ಲಿ ಸಾಲುಗಟ್ಟಿ ನಿಂತ ಲಾರಿಗಳ ಹಿಂದೆ ಬೆಳಗು ಮಾಡುವ ಸ್ಥಿತಿ ಯಾರಿಗೂ ಬೇಡ.

ಏಪ್ರಿಲ್, ಮೇಯಲ್ಲೇ ಹೋಗಬೇಕೆಂದಿದ್ದರೆ ಪರೀಕ್ಷೆ ಮುಗಿದ ತಕ್ಷಣದ ವಾರದ ದಿನಗಳಲ್ಲಿ ಹೋಗಿ. ಎಸ್ಸೆಸ್ಸೆಲ್ಸಿ, ಪಿಯುಸಿ ಬರೆದ ಮಕ್ಕಳಿದ್ದರೆ ಹಾಲ್ ಟಿಕೆಟನ್ನು ಬಿಸಾಡಬೇಡಿ; ಅದನ್ನು ತೋರಿಸಿದವರಿಗೆ ಬೇಸಿಗೆಯಲ್ಲಿ ರಿಯಾಯಿತಿ ಕೊಟ್ಟದ್ದುಂಟು. ಅರವತ್ತು ದಾಟಿದವರು ಆಧಾರ್ ಕಾರ್ಡ್, ಕಾಲೇಜು ಮಕ್ಕಳು ಐಡಿ ಕಾರ್ಡ್ ಇಟ್ಟುಕೊಳ್ಳಿ. ಟಿಕೆಟನ್ನು ಪಾರ್ಕಿನ ಸ್ವಂತ ವೆಬ್‌ಸೈಟಿನಲ್ಲೇ ಮೊದಲೇ ತೆಗೆಯುವುದು ಒಳ್ಳೆಯದು. ಆ ದಿನ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ, ಯಾವ ರೈಡು ದುರಸ್ತಿಗೆ ನಿಂತಿದೆ ಎಂಬುದನ್ನೂ ಅಲ್ಲೇ ನೋಡಿಕೊಳ್ಳಬಹುದು.

ಕೊಚ್ಚಿಯಲ್ಲೂ ವಂಡರ್‌ಲಾ ಉಂಟು, 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಲ್ಲಿ ಶುರುವಾದದ್ದು. ಕಾಸರಗೋಡು ಕಡೆಯವರಿಗೆ ಅದೂ ಸರಿ. ಉಡುಪಿ, ಮಂಗಳೂರಿನಿಂದ ಒಂದು ದಿನದಲ್ಲಿ ಹೋಗಿಬರಲು ನನಗೆ ಬಿಡದಿಯೇ ಹಿತ.

ಮೂರನೆಯದು: ದಾರಿ

ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್; ಉಡುಪಿಯವರಿಗೆ ಅದರ ಮೇಲೆ ಇನ್ನೊಂದು ಐವತ್ತೈದು, ಅರವತ್ತು. ರಾತ್ರಿ ಹೊರಟು ಬೆಳಿಗ್ಗೆ ಸೇರುವುದು, ಹಗಲಿಡೀ ಪಾರ್ಕು, ಮತ್ತೆ ರಾತ್ರಿ ಹೊರಟು ಮರುದಿನ ಮನೆ. ಎರಡು ರಾತ್ರಿಯ ನಿದ್ದೆ ಬಸ್ಸಿನಲ್ಲೇ ಆಗಬೇಕಾದ್ದರಿಂದ ಹಣ ಉಳಿಸುವುದಿದ್ದರೆ ಬೇರೆಲ್ಲಾದರೂ ಉಳಿಸಿ, ಮಲಗುವ ಸೀಟಿನಲ್ಲಿ ಬೇಡ. ಕೆಎಸ್ಸಾರ್ಟಿಸಿಯ ಅಂಬಾರಿಯಂಥ ಸ್ಲೀಪರ್ ಬಸ್ಸನ್ನು ಹದಿನೈದು ದಿನ ಮೊದಲೇ ಕಾಯ್ದಿರಿಸಿ, ಹಿರಿಯರಿಗೆ ಕೆಳಗಿನ ಸೀಟು ತೆಗೆಯಿರಿ.

ರೈಲಾದರೆ ಕುಂದಾಪುರ, ಉಡುಪಿ, ಸುರತ್ಕಲ್‌ನವರಿಗೆ ಕಾರವಾರದಿಂದ ಬರುವ ಪಂಚಗಂಗಾ, ಮಂಗಳೂರಿನವರಿಗೆ ಕಣ್ಣೂರು–ಬೆಂಗಳೂರು ರೈಲು. ಹಿರಿಯರಿಗೆ, ಘಾಟಿಯ ತಿರುವಿನಲ್ಲಿ ವಾಂತಿ ಮಾಡುವ ಮಕ್ಕಳಿಗೆ ನಾನು ರೈಲನ್ನೇ ಹೇಳುತ್ತೇನೆ. ಸುಬ್ರಹ್ಮಣ್ಯ–ಸಕಲೇಶಪುರ ನಡುವಿನ 57 ಸುರಂಗಗಳನ್ನು ರಾತ್ರಿ ನೋಡಲಾಗುವುದಿಲ್ಲ ಎಂಬ ಬೇಸರ ಒಂದಿರುತ್ತದೆ, ಆದರೆ ಬೆನ್ನು ನೆಟ್ಟಗೆ ಮಾಡಿ ಮಲಗಬಹುದು. ಬಸ್ಸಿನಲ್ಲೇ ಹೋಗುವುದಾದರೆ ರಾತ್ರಿ ಊಟ ಏಳು ಗಂಟೆಗೆ ಮುಗಿಯಲಿ, ಗಂಜಿ ಅಥವಾ ಮೊಸರನ್ನ ಸಾಕು. ವಾಂತಿಯ ಮಾತ್ರೆ ಕೊಡಬೇಕಿದ್ದರೆ ಡಾಕ್ಟರನ್ನು ಕೇಳಿಯೇ ಕೊಡಿ. ಅವುಗಳಲ್ಲಿ ಕೆಲವು ಮಾರನೆಯ ಮಧ್ಯಾಹ್ನದವರೆಗೂ ಮಂಪರು ತರುತ್ತವೆ. ನನ್ನ ಮಗಳು ಒಮ್ಮೆ ಅದೇ ಮಂಪರಿನಲ್ಲಿ ಅರ್ಧ ದಿನ ಕಳೆದಿದ್ದಾಳೆ.

ಕಾರಿನಲ್ಲಿ ಹೋಗುವವರಿಗೆ ಎರಡು ಮಾತು. ಬಂಟ್ವಾಳದಿಂದ ಪುತ್ತೂರು, ಸುಳ್ಯ, ಮಡಿಕೇರಿ, ಮೈಸೂರು ದಾಟಿ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275 ನಿಮ್ಮನ್ನು ಬೆಂಗಳೂರಿನ ಗದ್ದಲಕ್ಕೆ ಒಯ್ಯದೆ ಬಿಡದಿಗೆ ಮುಟ್ಟಿಸುತ್ತದೆ. ಆದರೆ 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಬಿಡದಿ ಪೇಟೆಯನ್ನು ಬದಿಗಿಟ್ಟು ಹೋಗುತ್ತದೆ, ಇಳಿಯುವ ಜಾಗಗಳೂ ಕಡಿಮೆ. ರಾಮನಗರ ಕಳೆದ ಮೇಲೆ ಮೈಯೆಲ್ಲ ಕಣ್ಣಾಗಿರಬೇಕು. ಎರಡನೆಯ ಮಾತು ಇನ್ನೂ ಮುಖ್ಯ. ರಾತ್ರಿಯಿಡೀ ಕಾರು ಓಡಿಸಿ, ಹಗಲಿಡೀ ಬಿಸಿಲಲ್ಲಿ ನೀರಲ್ಲಿ ಆಡಿ, ಮತ್ತೆ ರಾತ್ರಿ ಘಾಟಿ ಇಳಿಯುವುದನ್ನು ದಯವಿಟ್ಟು ಮಾಡಬೇಡಿ. ಕಾರೇ ಬೇಕಿದ್ದರೆ ಹಿಂದಿನ ದಿನವೇ ಮೈಸೂರಿನಲ್ಲಿ ಉಳಿದುಕೊಳ್ಳಿ, ವಾಪಸ್ಸು ಕೂಡ ಒಂದು ರಾತ್ರಿ ಮಲಗಿ ಬನ್ನಿ. ಆಗ ಅದು ಒಂದು ದಿನದ ಪ್ರವಾಸ ಆಗುವುದಿಲ್ಲ. ಆಗದಿದ್ದರೆ ಬೇಡ.

ನಾಲ್ಕನೆಯದು: ತಲೆಗೆ ಎರಡು

ಈಗ ಆ ಪಟ್ಟಿ. ಮೊದಲು ಸಮಯದ ಲೆಕ್ಕ ಹಾಕೋಣ. ವಾರದ ದಿನಗಳಲ್ಲಿ ಪಾರ್ಕು ಸಾಮಾನ್ಯವಾಗಿ ಬೆಳಿಗ್ಗೆ 11ರಿಂದ ಸಂಜೆ 6ರವರೆಗೆ. ಅಂದರೆ 420 ನಿಮಿಷ. ಊಟಕ್ಕೆ 45 ಕಳೆಯಿರಿ. ಬಟ್ಟೆ ಬದಲಿಸುವುದು ಎರಡು ಸಲ, ಅದಕ್ಕೆ 40. ನಡೆದಾಟ, ಟಾಯ್ಲೆಟ್, ಒಬ್ಬರನ್ನೊಬ್ಬರು ಕಾಯುವುದು, ಇವಕ್ಕೆ ಒಂದು ಗಂಟೆ. ಉಳಿದದ್ದು 275 ನಿಮಿಷ. ಕ್ಯೂ ಸೇರಿ ಒಂದೊಂದಕ್ಕೆ 25 ನಿಮಿಷ ಹಿಡಿದರೆ ಹನ್ನೊಂದು ರೈಡು. ಅರವತ್ತರಲ್ಲಿ ಹನ್ನೊಂದು. ಈ ಲೆಕ್ಕವನ್ನು ಮಕ್ಕಳಿಂದಲೇ ಹಾಕಿಸಿ.

ಆಮೇಲೆ ಮನೆಯ ಎಲ್ಲರೂ ಕೂತು, ಒಬ್ಬೊಬ್ಬರೂ ಎರಡೆರಡು ಹೇಳಬೇಕು: "ಇವೆರಡು ಆಗದಿದ್ದರೆ ನನಗೆ ಬೇಸರವಾಗುತ್ತದೆ" ಎನ್ನುವಂಥವು. ಚಿಕ್ಕವರು ಮೊದಲು, ನಂತರ ಅಜ್ಜಿ, ಕೊನೆಯಲ್ಲಿ ನಾವು. ಮಗಳು ಹೇಳಿದ್ದು ರಿಕಾಯಿಲ್, ಮುಂದಕ್ಕೆ ಹೋಗಿ ಅದೇ ದಾರಿಯಲ್ಲಿ ಹಿಮ್ಮುಖವಾಗಿ ಬರುವ ರೋಲರ್ ಕೋಸ್ಟರ್. ಮಗ ಹೇಳಿದ್ದು ಅಲೆಗಳ ಕೊಳ ಮತ್ತು ಮಳೆ ಡಿಸ್ಕೊ, ಬೆಚ್ಚಗಿನ ನೀರು ಮಳೆಯಾಗಿ ಸುರಿಯುವಾಗ ಕತ್ತಲಲ್ಲಿ ಕುಣಿಯುವುದು. ಅತ್ತೆ ಬಹಳ ಹೊತ್ತು ಏನೂ ಹೇಳಲಿಲ್ಲ. ಒತ್ತಾಯ ಮಾಡಿದ ಮೇಲೆ, "ಎತ್ತರಕ್ಕೆ ಹೋಗಿ ಊರು ನೋಡುವಂಥದ್ದು ಎಂತದಾದರೂ ಉಂಟಾ?" ಎಂದು ಕೇಳಿದರು. ಉಂಟು. ಸ್ಕೈ ವೀಲ್. ಲಿಫ್ಟಿನಲ್ಲಿ ಗೋಪುರದ ಮೇಲೆ ಹೋಗಿ, ಅಲ್ಲಿ ತೊಟ್ಟಿಲು ಹತ್ತುವುದು. ಎಪ್ಪತ್ತು ಹತ್ತಿರದ ಅವರಿಗೆ ಆಸೆ ಇತ್ತು, ಮೊದಲ ಸಲ ನಾವು ಕೇಳಿರಲೇ ಇಲ್ಲ.

ಆರು ಜನರಿಗೆ ಹನ್ನೆರಡು ಆಗಬೇಕಿತ್ತು, ಕೆಲವು ಇಬ್ಬರಿಗೂ ಒಂದೇ ಆಗಿ ಒಂಬತ್ತಕ್ಕೆ ಬಂತು. ಹನ್ನೊಂದರ ಒಳಗೆ ಒಂಬತ್ತು. ಇದು ಆಗುವಂಥ ಲೆಕ್ಕ.

ಕ್ಯೂ ತಪ್ಪಿಸಲು ಹೆಚ್ಚು ಹಣದ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಸಿಗುತ್ತದೆ. ವಾರದ ದಿನ ಹೋಗುವವರಿಗೆ ಅದು ಬೇಡ ಎಂದೇ ನನ್ನ ಅಭಿಪ್ರಾಯ. ವಾರದ ಕೊನೆಯಲ್ಲೇ ಹೋಗಬೇಕಾಗಿ ಬಂದರೆ ಮಾತ್ರ ಯೋಚಿಸಿ.

ಬಸುರಿಯರು, ಹೃದಯದ ಕಾಯಿಲೆ, ರಕ್ತದೊತ್ತಡ, ಕುತ್ತಿಗೆ–ಸೊಂಟದ ನೋವು ಇರುವವರು, ಇತ್ತೀಚೆಗೆ ಆಪರೇಷನ್ ಆದವರು ಜೋರಿನ ರೈಡುಗಳನ್ನು ಪಟ್ಟಿಗೆ ಸೇರಿಸಿಕೊಳ್ಳಲೇಬಾರದು.

ಐದನೆಯದು: ಚೀಲ

ನೀರಿನ ರೈಡುಗಳಿಗೆ ನೈಲಾನ್ ಅಥವಾ ಅಂಥದ್ದೇ ಈಜುಬಟ್ಟೆ ಕಡ್ಡಾಯ. ಹತ್ತಿಯ ಚೂಡಿದಾರ, ಜೀನ್ಸ್, ಸೀರೆ, ಬನಿಯನು ಆಗುವುದಿಲ್ಲ. ಹತ್ತಿ ನೀರು ಹೀರಿ ಭಾರವಾಗುತ್ತದೆ, ನೂಲೆಳೆ ಬಿಟ್ಟು ಕೊಳದ ಫಿಲ್ಟರಿಗೆ ಹೋಗುತ್ತದೆ. ಲೋಹದ ಗುಂಡಿ, ಜಿಪ್ಪು ಜಾರುಬಂಡಿಯ ಫೈಬರನ್ನು ಗೀರುತ್ತವೆ. ಪಾರ್ಕಿನಲ್ಲೇ ಕೊಳ್ಳಬಹುದು, ಆದರೆ ಎಲ್ಲರಿಗೂ ಅಲ್ಲೇ ಕೊಂಡರೆ ಬಜೆಟ್ಟು ತಪ್ಪುತ್ತದೆ. ಉಡುಪಿಯ ಪೇಟೆಯಲ್ಲೇ ಮೊಣಕಾಲು ದಾಟುವ, ತೋಳಿರುವ ಈಜುಬಟ್ಟೆ ಸಿಗುತ್ತದೆ. ಹೆಂಗಸರಿಗೆ ಮುಜುಗರವೂ ಇಲ್ಲ, ಬಿಸಿಲಿಗೆ ರಕ್ಷಣೆಯೂ ಆಯಿತು.

ಚಿನ್ನ ಮನೆಯಲ್ಲಿರಲಿ. ಬಳೆ, ಕಿವಿಯ ಜುಮುಕಿ, ಕಾಲಿನ ಗೆಜ್ಜೆ ಯಾವುದೂ ಬೇಡ. ಕರಿಮಣಿ ತೆಗೆಯಲು ಮನಸ್ಸಿಲ್ಲದವರು ಅದನ್ನು ಗಿಡ್ಡ ಮಾಡಿ, ಈಜುಬಟ್ಟೆಯೊಳಗೆ ಪಿನ್ನಿಲ್ಲದೆ ಒಂದು ಬಟ್ಟೆಯ ಪಟ್ಟಿಯಲ್ಲಿ ಕಟ್ಟಿಕೊಳ್ಳಲಿ. ಇಳಿಜಾರಿನಲ್ಲಿ ಸರ ಸಿಕ್ಕಿಹಾಕಿಕೊಂಡರೆ ಕುತ್ತಿಗೆಗೇ ಅಪಾಯ. ಕನ್ನಡಕಕ್ಕೆ ಹಿಂದಿನಿಂದ ಕಟ್ಟುವ ದಾರ, ಮೊಬೈಲಿಗೆ ಕೊರಳಿಗೆ ಹಾಕುವ ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳಿ. ಆದರೆ ರೈಡಿಗೆ ಹೋಗುವಾಗ ಅವೂ ಲಾಕರಿನಲ್ಲೇ ಇರಬೇಕು. ರೋಲರ್ ಕೋಸ್ಟರಿನಿಂದ ಬಿದ್ದ ಮೊಬೈಲು ಕೆಳಗಿರುವವರ ತಲೆಗೆ ಕಲ್ಲೇ.

ಉಳಿದದ್ದು: ತಲೆಗೆ ಎರಡು ಜೊತೆ ಒಣಬಟ್ಟೆ, ತೆಳ್ಳಗಿನ ಬೈರಾಸು (ದಪ್ಪ ಟರ್ಕಿ ಟವೆಲ್ ಒಣಗುವುದಿಲ್ಲ), ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ, ಒದ್ದೆ ಬಟ್ಟೆಗೆ ದಪ್ಪ ಪ್ಲಾಸ್ಟಿಕ್ ಚೀಲ, ಸನ್‌ಸ್ಕ್ರೀನ್, ಓಆರ್‌ಎಸ್ ಪೊಟ್ಟಣ, ದಿನನಿತ್ಯದ ಮಾತ್ರೆಗಳು, ನೀರು ಹೋಗದ ಒಂದು ಅಗ್ಗದ ವಾಚು. ಈ ವಾಚಿನ ವಿಷಯ ಮುಂದೆ ಹೇಳುತ್ತೇನೆ.

ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ದಾರಿಗೆ ಮಾತ್ರ ಕಟ್ಟಿಕೊಳ್ಳಿ. ಬನ್ಸ್‌ನಷ್ಟು ಒಳ್ಳೆಯ ದಾರಿಬುತ್ತಿ ನನಗೆ ಗೊತ್ತಿಲ್ಲ: ಸಂಜೆ ಕರಿದರೆ ಮರುದಿನ ಬೆಳಿಗ್ಗೆಯೂ ಮೆತ್ತಗಿರುತ್ತದೆ, ಚಟ್ನಿ ಬೇಡ, ಕೈಗೆ ಅಂಟುವುದಿಲ್ಲ, ಬಾಳೆಹಣ್ಣಿನ ಸಿಹಿ ಮಕ್ಕಳಿಗೂ ಸೇರುತ್ತದೆ.

ಆರನೆಯದು: ಬೆಳಗಿನ ಐದು ಗಂಟೆಗಳು

ಬಸ್ಸು ಬೆಂಗಳೂರು ಮುಟ್ಟುವುದು ಆರು, ಏಳರ ಸುಮಾರಿಗೆ. ಪಾರ್ಕು ತೆರೆಯುವುದು ಹನ್ನೊಂದಕ್ಕೆ. ನಡುವಿನ ಈ ಹೊತ್ತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ದಿನ ಕೆಡುವುದು ಇಲ್ಲಿಂದಲೇ. ಕರಾವಳಿಯವರಿಗೆ ಬೆಂಗಳೂರಿನಲ್ಲಿ ಒಬ್ಬ ಭಾವನೋ ಚಿಕ್ಕಮ್ಮನೋ ಇದ್ದೇ ಇರುತ್ತಾರೆ. ವಿಜಯನಗರ, ಕೆಂಗೇರಿ ಕಡೆ ಇದ್ದರೆ ಭಾಗ್ಯ. ಮೊದಲೇ ಫೋನ್ ಮಾಡಿ ಹೇಳಿ, ಸ್ನಾನ ಮಾಡಿ, ಒಂದು ಗಂಟೆ ಮಲಗಿ. ಅಂಥವರಿಲ್ಲದಿದ್ದರೆ ಮೆಜೆಸ್ಟಿಕ್ ಸುತ್ತ ಕೆಲವು ಗಂಟೆಗೆ ರೂಮು ಕೊಡುವ ಲಾಡ್ಜುಗಳಿವೆ. ಹಿರಿಯರು, ಮಕ್ಕಳು ಜೊತೆಗಿದ್ದರೆ ಆ ಖರ್ಚು ಮಾಡಿ. ಮೂರನೆಯ ಸಲ ನಮ್ಮ ಬಸ್ಸು ದಾರಿಯಲ್ಲಿ ಕೆಟ್ಟು ಎರಡೂವರೆ ಗಂಟೆ ತಡವಾಯಿತು. ಬೆಳಿಗ್ಗೆ ಇಷ್ಟು ಸಮಯ ಕೈಯಲ್ಲಿದ್ದದ್ದರಿಂದಲೇ ಪಾರ್ಕಿನ ಬಾಗಿಲಿಗೆ ಹೊತ್ತಿಗೆ ಸರಿಯಾಗಿ ತಲುಪಿದೆವು.

ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಕೆಂಗೇರಿ. 2023ರ ಅಕ್ಟೋಬರಿನಿಂದ ಅದರಾಚೆ ಚಲ್ಲಘಟ್ಟದವರೆಗೂ ಹೋಗುತ್ತದೆ. ಬಸ್ಸು ಹಿಡಿಯಲು ಕೆಂಗೇರಿಯಲ್ಲೇ ಇಳಿಯುವುದು ಸುಲಭ. ಅಲ್ಲಿಂದ ಬಿಡದಿಗೆ ಹದಿನೈದು ಕಿಲೋಮೀಟರ್ ಆಸುಪಾಸು, ಬಸ್ಸುಗಳು ಬೇಕಾದಷ್ಟು. ನಾಲ್ಕು ಜನರಿದ್ದರೆ ಕ್ಯಾಬ್ ಹಿಡಿದರೂ ಸರಿಹೋಗುತ್ತದೆ.

ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನದೆ ಮುಂದೆ ಹೋಗಬೇಡಿ. ನಮ್ಮ ಮೂಡೆ, ಕೊಟ್ಟೆ ಕಡುಬಿನ ನಾಲಿಗೆಗೆ ಅದರ ಅಗಲ ನೋಡಿಯೇ ಅಚ್ಚರಿ. ಮುಟ್ಟಿದರೆ ಹತ್ತಿ, ಮೇಲೊಂದು ಬೆಣ್ಣೆಯ ಉಂಡೆ ಕರಗುತ್ತಾ ಇರುತ್ತದೆ. ಒಂಬತ್ತೂವರೆಯೊಳಗೆ ತಿಂದುಬಿಟ್ಟರೆ ಹನ್ನೊಂದಕ್ಕೆ ಹೊಟ್ಟೆ ಹಗುರ. ಒಬ್ಬರಿಗೆ ಎರಡು ಸಾಕು, ವಡೆ ಬೇಡ. ಕಾರಣ ಇಷ್ಟೇ: ನಮ್ಮ ಕಿವಿಯೊಳಗೆ ಸಮತೋಲ ಕಾಯುವ ಮೂರು ಸಣ್ಣ ಕೊಳವೆಗಳಿವೆ, ಅವುಗಳಲ್ಲಿ ದ್ರವ ಇದೆ. ಗಿರಗಿರನೆ ತಿರುಗಿ ನಿಂತ ಮೇಲೂ ಆ ದ್ರವ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಕಣ್ಣು 'ನಿಂತಿದ್ದೇವೆ' ಎನ್ನುತ್ತದೆ, ಕಿವಿ 'ತಿರುಗುತ್ತಿದ್ದೇವೆ' ಎನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ತೊಳೆಸುತ್ತದೆ. ಎಣ್ಣೆಯದ್ದು ಹೊಟ್ಟೆಯಲ್ಲಿದ್ದರೆ ಇನ್ನೂ ಕಷ್ಟ.

ಏಳನೆಯದು: ಒಳಗೆ

ಹತ್ತೂಮುಕ್ಕಾಲಿಗೆ ಬಾಗಿಲಲ್ಲಿರಿ. ಒಳಗೆ ಹೋದ ತಕ್ಷಣ ಮೂರು ಕೆಲಸ: ಲಾಕರ್ ತೆಗೆಯುವುದು, ನಕ್ಷೆಯ ಫೋಟೊ ಹೊಡೆದುಕೊಳ್ಳುವುದು, ಸೇರುವ ಜಾಗ ಗೊತ್ತುಮಾಡುವುದು. ನೀರಿಗಿಳಿದ ಮೇಲೆ ಯಾರ ಕೈಯಲ್ಲೂ ಮೊಬೈಲ್ ಇರುವುದಿಲ್ಲ. ಆಗ ಆ ಅಗ್ಗದ ವಾಚು ಬೇಕು. "ಒಂದೂವರೆಗೆ ಲಾಕರ್ ಮುಂದೆ, ನಾಲ್ಕಕ್ಕೆ ಲಾಕರ್ ಮುಂದೆ, ಏನೇ ಆಗಲಿ" ಎಂದು ಮಾತಾಗಲಿ. ಹತ್ತು ವರ್ಷದೊಳಗಿನ ಮಕ್ಕಳ ಬಟ್ಟೆಯ ಒಳಬದಿಯಲ್ಲಿ ಮಾರ್ಕರ್ ಪೆನ್ನಿನಿಂದ ನಿಮ್ಮ ಫೋನ್ ನಂಬರ್ ಬರೆದಿಡಿ.

ಮೊದಲ ಒಂದೂವರೆ ಗಂಟೆ ನೆಲದ ಮೇಲಿನ ಜೋರಿನ ರೈಡುಗಳಿಗೆ. ಬಂದವರೆಲ್ಲ ಎದುರು ಕಂಡದ್ದಕ್ಕೆ ಮೊದಲು ಕ್ಯೂ ನಿಲ್ಲುತ್ತಾರೆ. ನೀವು ನೇರವಾಗಿ ರಿಕಾಯಿಲ್ ಕಡೆ ನಡೆಯಿರಿ. ಬಟ್ಟೆ ಒಣಗಿರುತ್ತದೆ, ಹೊಟ್ಟೆ ಹಗುರವಾಗಿರುತ್ತದೆ, ಕ್ಯೂ ಚಿಕ್ಕದು. ನೀರಿನ ವಿಭಾಗ ತಡವಾಗಿ ತೆರೆದು, ಪಾರ್ಕು ಮುಚ್ಚುವ ಮೊದಲೇ ನಿಲ್ಲುತ್ತದೆ. ಅದರಿಂದ ನಡುಮಧ್ಯಾಹ್ನವನ್ನು ನೀರಿಗೆ ಇಡಿ, ಬಿಸಿಲಿಗೂ ಅದೇ ಸರಿ. ಊಟ ಹನ್ನೆರಡೂವರೆಗೆ ಅಥವಾ ಎರಡರ ನಂತರ. ಒಂದು ಗಂಟೆಗೆ ಹೋದರೆ ಊಟದ ಹಾಲ್‌ನಲ್ಲೇ ಒಂದು ರೈಡಿನ ಸಮಯ ಹೋಗುತ್ತದೆ. ಊಟದ ಮೇಲೆ ಅರ್ಧ ಗಂಟೆ ತಿರುಗುವಂಥದ್ದು ಯಾವುದೂ ಬೇಡ.

ಕರಾವಳಿಯವರಾದ ನಮಗೆ ಅಲ್ಲಿ ಎರಡು ವಿಷಯದಲ್ಲಿ ಮೋಸವಾಗುತ್ತದೆ.

ಒಂದು, ಬೆವರು. ಇಲ್ಲಿ ಹತ್ತು ಹೆಜ್ಜೆ ನಡೆದರೆ ಬೆನ್ನು ಒದ್ದೆ. ಬಾಯಾರಿಕೆ ತಾನಾಗಿ ನೆನಪಾಗುತ್ತದೆ. ಬಿಡದಿಯ ಗಾಳಿ ಒಣ, ಬೆವರು ಬಂದದ್ದೇ ಗೊತ್ತಾಗದ ಹಾಗೆ ಆರಿಹೋಗುತ್ತದೆ. "ಎಷ್ಟು ತಂಪು ಮಾರಾಯ್ರೆ" ಎನ್ನುತ್ತಾ ನೀರು ಕುಡಿಯದೆ ಇರುತ್ತೇವೆ, ಮೂರು ಗಂಟೆಗೆ ತಲೆನೋವು ಹಿಡಿಯುತ್ತದೆ. ಬಾಯಾರಲಿ ಬಿಡಲಿ, ಪ್ರತಿ ಎರಡು ರೈಡಿಗೊಮ್ಮೆ ಎಲ್ಲರೂ ನೀರು ಕುಡಿಯಬೇಕು.

ಎರಡು, ಅಲೆ. ಮಲ್ಪೆ, ಪಣಂಬೂರಿನ ಸಮುದ್ರ ಕಂಡವರಿಗೆ ಅಲೆಗಳ ಕೊಳ ಆಟಿಕೆ ಅನಿಸುತ್ತದೆ. ಆದರೆ ಉಪ್ಪುನೀರು ನಮ್ಮನ್ನು ಎತ್ತಿ ಹಿಡಿದಷ್ಟು ಸಿಹಿನೀರು ಹಿಡಿಯುವುದಿಲ್ಲ. ಸಮುದ್ರದ ನೀರು ಅದಕ್ಕಿಂತ ಶೇಕಡಾ ಎರಡೂವರೆಯಷ್ಟು ಸಾಂದ್ರ. ಸಮುದ್ರದಲ್ಲಿ ಸಲೀಸಾಗಿ ತೇಲುವವರು ಅಲ್ಲಿ ಸ್ವಲ್ಪ ಕೆಳಗೇ ಇರುತ್ತಾರೆ. ಕಾಲಡಿ ಮರಳಿಲ್ಲ, ಗಟ್ಟಿ ನೆಲ. ಅಲೆಗಳ ಯಂತ್ರ ಶುರುವಾದಾಗ ಜನ ಒಟ್ಟಿಗೆ ಕಿರುಚುತ್ತಾರೆ, ಮಗುವಿನ ಕೂಗು ಕೇಳುವುದಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ, ಮಗುವಿನಿಂದ ಒಂದು ಕೈ ದೂರದಲ್ಲಿ ಒಬ್ಬ ದೊಡ್ಡವರು ಇರಲೇಬೇಕು. ಲೈಫ್‌ಗಾರ್ಡ್ ಇದ್ದಾರೆ ಎಂದು ಬಿಡಬೇಡಿ. ಜಾರುಬಂಡಿಯಲ್ಲಿ ಅಲ್ಲಿನವರು ಹೇಳಿದ ಭಂಗಿಯಲ್ಲೇ ಇಳಿಯಿರಿ, ಇಳಿದ ಕೂಡಲೇ ಪಕ್ಕಕ್ಕೆ ಸರಿಯಿರಿ. ಹಿಂದಿನಿಂದ ಬರುವವರ ಕಾಲು ನೇರ ಬೆನ್ನಿಗೆ ಬರುತ್ತದೆ.

ನಾಲ್ಕಕ್ಕೆ ಎಲ್ಲರೂ ಬಟ್ಟೆ ಬದಲಿಸಿ ಲಾಕರ್ ಮುಂದೆ ಸೇರಿದ ಮೇಲೆ, ಕೊನೆಯ ಎರಡು ಗಂಟೆ ನಿಧಾನದವು. ಸಂಗೀತ ಕಾರಂಜಿ, ಮಕ್ಕಳ ಸಣ್ಣ ರೈಡುಗಳು, ಸ್ಕೈ ವೀಲ್. ಅತ್ತೆಯವರ ಸರದಿ ಬಂದದ್ದು ಐದು ಗಂಟೆಗೆ. ತೊಟ್ಟಿಲಿನಲ್ಲಿ ಅವರ ಪಕ್ಕ ನಾನಿದ್ದೆ. ಹತ್ತುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಿಗಿಯಾಗಿ ಹಿಡಿದಿದ್ದರು. ಮೇಲೆ ಮುಟ್ಟಿದಾಗ ದೂರದಲ್ಲಿ ಬಂಡೆಯ ಗುಡ್ಡಗಳು ಸಂಜೆ ಬಿಸಿಲಿಗೆ ಕೆಂಪಗೆ ಕಂಡವು. "ಇಲ್ಲಿ ಸಮುದ್ರ ಯಾವ ಬದಿಗೆ?" ಎಂದು ಕೇಳಿದರು. ಪಡುವಣ ತೋರಿಸಿದೆ. ಬೆರಳಿನಿಂದ ಸೆರಗು ಬಿಚ್ಚಿ, ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು, ಆ ಕಡೆಗೇ ನೋಡುತ್ತಾ ಒಂದು ಸುತ್ತು ಪೂರ್ತಿ ಮಾಡಿದರು.

ಎಂಟನೆಯದು: ವಾಪಸ್ಸು

ವಾಪಸ್ ಬಸ್ಸನ್ನು ರಾತ್ರಿ ಒಂಬತ್ತೂವರೆಗಿಂತ ಮೊದಲಿನದ್ದು ತೆಗೆಯಬೇಡಿ. ಸಂಜೆಯ ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟುವುದಕ್ಕೇ ಎಷ್ಟು ಹೊತ್ತು ಬೇಕೆಂದು ಹೇಳಲಾಗದು. ಬಸ್ಸಾಗಲಿ ಕ್ಯಾಬಾಗಲಿ, ಕೆಂಗೇರಿಯಲ್ಲ, ಚಲ್ಲಘಟ್ಟದಲ್ಲೇ ಇಳಿದು ಮೆಟ್ರೋ ಹಿಡಿಯಿರಿ. ಮೊದಲ ನಿಲ್ದಾಣವಾದ್ದರಿಂದ ಸೀಟೂ ಸಿಗುತ್ತದೆ. ರಾತ್ರಿ ಊಟ ಹಗುರವಿರಲಿ. ಬಸ್ಸು ಹತ್ತುವ ಮೊದಲು ಮಕ್ಕಳ ತಲೆ ಪೂರ್ತಿ ಒಣಗಿದೆಯೇ ಮುಟ್ಟಿ ನೋಡಿ. ಒದ್ದೆ ತಲೆಯಲ್ಲಿ ಏಸಿ ಬಸ್ಸಿನಲ್ಲಿ ಮಲಗಿದರೆ ರಾತ್ರಿಯಿಡೀ ನಡುಗುತ್ತಾರೆ. ಕಿವಿಗೆ ನೀರು ಹೋಗಿದ್ದರೆ ಬಡ್ಸ್ ಹಾಕಬೇಡಿ, ತಲೆ ವಾಲಿಸಿ ಬಸಿದು ಹೋಗಲು ಬಿಡಿ. ಎರಡು ದಿನ ಕಳೆದೂ ನೋವಿದ್ದರೆ ಡಾಕ್ಟರಿಗೆ ತೋರಿಸಿ.

ಮರುದಿನ ಶಾಲೆ, ಆಫೀಸು ಇಟ್ಟುಕೊಳ್ಳಬೇಡಿ. ಬೆಳಿಗ್ಗೆ ಮನೆಗೆ ಬಂದವರು ಗಂಜಿ, ಉಪ್ಪಿನಕಾಯಿ ಉಂಡು ಮಧ್ಯಾಹ್ನದವರೆಗೆ ಮಲಗಲಿ. ಮಲಗುವ ಮೊದಲು ಒಂದೇ ಕೆಲಸ: ಒದ್ದೆ ಬಟ್ಟೆಯ ಚೀಲ ಬಿಚ್ಚಿ, ಈಜುಬಟ್ಟೆಗಳನ್ನು ಸಾದಾ ನೀರಿನಲ್ಲಿ ಎರಡು ಸಲ ಅದ್ದಿ ತೆಗೆದು, ನೆರಳಿನಲ್ಲಿ ಹರವಿ. ಕ್ಲೋರಿನ್ ಉಳಿದರೆ ನೈಲಾನ್ ಬೇಗ ಸಡಿಲಾಗುತ್ತದೆ. ಆ ಚೀಲವನ್ನು ಬಸ್ಸಿನ ಡಿಕ್ಕಿಯಲ್ಲಿ ಇಡಬೇಡಿ, ಕಾಲ ಬುಡದಲ್ಲೇ ಇಟ್ಟುಕೊಳ್ಳಿ. ನಿದ್ದೆಗಣ್ಣಿನಲ್ಲಿ ಉಡುಪಿಯ ಕಲ್ಸಂಕದಲ್ಲಿ ಇಳಿಯುವಾಗ ಡಿಕ್ಕಿಯಲ್ಲಿಟ್ಟದ್ದು ನೆನಪಾಗುವುದು ಬಸ್ಸು ಹೊರಟ ಮೇಲೆಯೇ.